ಮಗುಚಿಟ್ಟ ಎಲೆಗಳು

ಮೂರು ರಾಣಿಯರು ಬಂದದ್ದು ಗೊತ್ತಾದ ಕೂಡಲೇ ಆಕೆ ಇಸ್ಪೀಟ್ ಎಲೆಗಳನ್ನು ಮೇಜಿನ ಮೇಲೆ ಮಗುಚಿಟ್ಟು, ಕನ್ನಡಕ ತೆಗೆದು, ಕರವಸ್ತ್ರದಿಂದ ನಿಧಾನವಾಗಿ ಒರೆಸಿಕೊಂಡಳು. ಏನೂ ಬಾರದಿದ್ದಾಗಲೂ ಹಾಗೆಯೇ ಒರೆಸಿಕೊಳ್ಳುತ್ತಿದ್ದಳು. ಹನ್ನೊಂದು ತಿಂಗಳಿಂದ ಪ್ರತಿ ಗುರುವಾರ ಮಧ್ಯಾಹ್ನ, ಎಲೆ ಹಂಚಿದ ಪ್ರತಿ ಸಲವೂ ಇದೇ ನಡೆದಿತ್ತು. ಉಳಿದ ಮೂವರಿಗೆ ಅದು ವಯಸ್ಸಾದ ಹೆಂಗಸಿನ ಚಾಳಿಯಾಗಿ ಕಂಡಿತ್ತು, ಅಷ್ಟೆ.

"ಏನತ್ತಿಗೆ, ಎಲೆ ಕಾಣಿಸ್ತಿಲ್ವೋ, ಕಂಡಿದ್ದು ಇಷ್ಟ ಆಗ್ಲಿಲ್ವೋ?" ಎಂದ ಡ್ರೈವರ್. ಮೂವತ್ತು ವರ್ಷ ಎಣ್ಣೆ ಟ್ಯಾಂಕರ್ ಓಡಿಸಿ ನಿವೃತ್ತನಾದವನು. ಕುರ್ಚಿಯಲ್ಲಿ ಕೂತರೂ ಬಲಗಾಲು ಬ್ರೇಕಿನ ಮೇಲೆ ಇಟ್ಟವನಂತೆ ಚಾಚಿಕೊಂಡೇ ಇರುತ್ತಿದ್ದ.

"ಎರಡೂ," ಎಂದು ಆಕೆ ಐದು ಹಿತ್ತಾಳೆ ವಾಷರುಗಳನ್ನು ಮೇಜಿನ ನಡುವೆ ತಳ್ಳಿದಳು.

ಪಕ್ಕದಲ್ಲಿ ಕೂತಿದ್ದ ಫೋರ್‌ಮನ್ ತನ್ನ ಎಲೆಗಳನ್ನು ಸರಿಯಾಗಿ ನೋಡಿದನೋ ಇಲ್ಲವೋ. "ನೋಡೇಬಿಡೋಣ," ಎಂದು ತಾನೂ ಐದು ವಾಷರು ತಳ್ಳಿದ.

"ಇವ್ರೊಬ್ರು, ಏನ್ ಕೇಳಿದ್ರೂ ನೋಡೇಬಿಡೋಣ!" ಡ್ರೈವರ್ ತನ್ನ ಎಲೆ ಎಸೆದ. "ನಾನು ಪ್ಯಾಕ್. ಮೇಷ್ಟ್ರೇ, ನೀವು?"

ಕಾರ್ಖಾನೆಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರು ಕಿವಿಯ ಯಂತ್ರವನ್ನು ಬೆರಳಿಂದ ತಿರುಗಿಸಿದರು. "ಎಷ್ಟಂತೆ?"

"ಐದು! ಹಿತ್ತಾಳೇದು ಐದು!"

"ಕೂಗ್ಬೇಡ್ವೋ, ಕಿವುಡನಲ್ಲ ನಾನು. ಐದಾದ್ರೆ ನಾನಿಲ್ಲ. ಲೆಕ್ಕದ ಮೇಷ್ಟ್ರನ್ನ ಹೀಗೆಲ್ಲ ಬಲೆಗೆ ಕೆಡವೋಕಾಗಲ್ಲ."

ಆಕೆ ಎರಡು ಎಲೆ ಬದಲಿಸಿದಳು. ಫೋರ್‌ಮನ್ ಮೂರು ಎಲೆ ಮಗುಚಿಟ್ಟು ಹೊಸದಾಗಿ ಮೂರು ತೆಗೆದುಕೊಂಡ. ಆಕೆ ಮತ್ತೆ ಹತ್ತು ತಳ್ಳಿದಳು. ಅವನು ಮತ್ತೆ "ನೋಡೇಬಿಡೋಣ" ಅಂದ. ನೋಡಿದಾಗ ಅವನ ಕೈಯಲ್ಲಿದ್ದದ್ದು ಎರಡು ಆರು, ಮತ್ತೆ ಮೂರು ಕೆಲಸಕ್ಕೆ ಬಾರದ ಎಲೆ. ಆಕೆ ವಾಷರುಗಳನ್ನು ಎರಡೂ ಕೈಗಳಿಂದ ತನ್ನ ಕಡೆಗೆ ಎಳೆದುಕೊಂಡಳು. ಲೋಹ ಮೇಜಿನ ಮೇಲೆ ಉಜ್ಜಿ ಬರುವ ಆ ಸದ್ದು ಆಕೆಗೆ ವಾರದಲ್ಲಿ ಒಂದೇ ದಿನ ಸಿಗುವ ಸುಖ.

ಸೈಕಲ್ ಅಂಗಡಿಯ ಮೇಲಿನ ಆ ಕೋಣೆ ಸಾಬೂನು ಕಾರ್ಖಾನೆಯ ನಿವೃತ್ತರ ಸಂಘದ್ದು. ಒಂದು ಉದ್ದ ಮೇಜು, ಒಂಬತ್ತು ಕುರ್ಚಿ, ಮೂಲೆಯಲ್ಲಿ ಕುಡಿಯುವ ನೀರಿನ ಡಬ್ಬ, ಎರಡು ಕಿಟಕಿ, ಮೇಲೆ ಸದ್ದು ಮಾಡುವ ಒಂದು ಫ್ಯಾನು. ಪೋಕರ್ ಆಟವನ್ನು ಈ ಮೂವರು ಗಂಡಸರೂ ಕಾರ್ಖಾನೆಯ ಊಟದ ಶೆಡ್ಡಿನಲ್ಲಿ ಕಲಿತವರು. ಐದೈದು ಎಲೆ ಹಂಚಿ ಒಂದು ಸುತ್ತು ಪಣ. ಬೇಡದ ಎಲೆಗಳನ್ನು, ಮೂರರವರೆಗೆ, ಮಗುಚಿಟ್ಟು ಬೇರೆ ತೆಗೆದುಕೊಂಡ ಮೇಲೆ ಇನ್ನೊಂದು ಸುತ್ತು ಪಣ. ನಡುವೆ 'ಪ್ಯಾಕ್' ಅಂದವನು ಕಟ್ಟಿದ್ದನ್ನು ಬಿಟ್ಟುಕೊಡಬೇಕು, ಕೊನೆಗೆ ಉಳಿದವರು ತೋರಿಸಬೇಕು. ಪಣಕ್ಕೆ ಕಾರ್ಖಾನೆಯದೇ ವಾಷರುಗಳು. ಕಬ್ಬಿಣದ್ದು ಚಿಲ್ಲರೆ, ಹಿತ್ತಾಳೆಯದು ನೋಟು. ಇಡೀ ಮಧ್ಯಾಹ್ನ ಸೋತರೂ ಒಂದು ಸಿನಿಮಾ ಟಿಕೆಟ್ಟಿನಷ್ಟೂ ಹೋಗುತ್ತಿರಲಿಲ್ಲ. ಶೆಡ್ಡಿನ ಇನ್ನೊಂದು ಪದ್ಧತಿಯೂ ಇಲ್ಲಿಗೆ ಬಂದಿತ್ತು. ಕೊನೆಯವರೆಗೆ ನಿಂತು ಸೋತವನೇ ಎಲ್ಲ ಎಲೆ ಕೂಡಿಸಿ, ಕಲೆಸಿ, ಮುಂದಿನ ಸಲ ಹಂಚಬೇಕು. ಸೋತ ಕೈಗೆ ಕೆಲಸ ಕೊಟ್ಟರೆ ಸಿಟ್ಟು ಇಳಿಯುತ್ತದೆ ಎಂದು ಯಾವನೋ ಹಳೆಯ ಫಿಟ್ಟರ್ ಮಾಡಿದ ನಿಯಮವಂತೆ. ಹಾಗಾಗಿ ಹೆಚ್ಚುಕಡಿಮೆ ಯಾವಾಗಲೂ ಫೋರ್‌ಮನ್ನೇ ಎಲೆ ಕೂಡಿಸುತ್ತಿದ್ದ.

ಆಕೆಯ ಗಂಡ ಆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ಹೊರಗೆ ತೋರಿಸುವ ಒಂದು ಗಾಜಿನ ಕೊಳವೆ ಇರುತ್ತದೆ. ಒಂದು ದಿನ ಅದು ಕಟ್ಟಿಕೊಂಡಿತು. ಒಳಗೆ ನೀರು ಇಳಿಯುತ್ತಿದ್ದರೂ ಗಾಜಿನಲ್ಲಿ ತುಂಬಿದಂತೆಯೇ ಕಾಣುತ್ತಿತ್ತು. ಮಧ್ಯಾಹ್ನ ಒಳಗಿನ ಪೈಪು ಸಿಡಿದು ಇಬ್ಬರಿಗೆ ಸುಟ್ಟ ಗಾಯವಾಯಿತು. ವಿಚಾರಣೆಯಲ್ಲಿ ಗಂಡ, ಬೆಳಿಗ್ಗೆಯೇ ಫೋರ್‌ಮನ್‌ಗೆ ಹೇಳಿದ್ದೆ ಅಂದ. ಅಧಿಕಾರಿಗಳು ಫೋರ್‌ಮನ್‌ನನ್ನು ಕೇಳಿದರು: ಈತ ನಿಮಗೆ ಹೇಳಿದ್ದು ನಿಜವೇ? ಫೋರ್‌ಮನ್ "ಇಲ್ಲ" ಅಂದ. ಬೇರೇನೂ ಹೇಳಲಿಲ್ಲ. ಬೇರೇನೂ ಬೇಕಾಗಲಿಲ್ಲ. ಪಿಂಚಣಿಗೆ ಎರಡು ವರ್ಷ ಇರುವಾಗ ಗಂಡ ಕೆಲಸ ಕಳೆದುಕೊಂಡು ಮನೆಗೆ ಬಂದ.

ಆಮೇಲೆ ಅವನು ಏಳು ವರ್ಷ ಬದುಕಿದ. ಕೂಗಾಡಲಿಲ್ಲ, ಯಾರ ಮನೆಗೂ ಹೋಗಲಿಲ್ಲ. ಯಾರೂ ಬರಲೂ ಇಲ್ಲ. ಬೀದಿಯಲ್ಲಿ ಎದುರಾದವರು, ನಿದ್ದೆ ಹೊಡೆದು ಇಬ್ಬರನ್ನು ಸುಟ್ಟವನು ಎನ್ನುವ ಹಾಗೆ ನೋಡುತ್ತಿದ್ದರು. ಆಕೆ ಆಸ್ಪತ್ರೆಯ ಬಟ್ಟೆ ಕೋಣೆಯ ಕೆಲಸದಿಂದ ಬರುವ ಹೊತ್ತಿಗೆ ಅವನು ಅಡುಗೆಮನೆಯ ಮೇಜಿನ ಮೇಲೆ ಎಲೆ ಹಂಚಿ ಕೂತಿರುತ್ತಿದ್ದ. ಇಬ್ಬರೂ ಗುಂಡಿಗಳನ್ನು ಪಣಕ್ಕಿಟ್ಟು ಆಡುತ್ತಿದ್ದರು. ಆಕೆಗೆ ಆಟ ಹೇಳಿಕೊಟ್ಟವನು ಅವನೇ.

"ಎಲ್ಲಕ್ಕೂ ಸೈ ಅನ್ನೋನ ಎದುರು ಸುಳ್ಳು ಆಟ ಆಡ್ಬಾರ್ದು ಕಣೇ," ಅನ್ನುತ್ತಿದ್ದ. "ಅವನು ಹೆದರಲ್ಲ, ಹಂಗಾಗಿ ಹೆದ್ರಿಸಿ ಪ್ರಯೋಜನ ಇಲ್ಲ. ಕೆಟ್ಟ ಎಲೆ ಬಂತಾ, ಇಟ್ಬಿಡು. ನಾಲ್ಕು ಸಲ ಅಲ್ಲ, ನಲವತ್ತು ಸಲ ಇಡು. ಒಳ್ಳೇದು ಬಂದ ದಿನ ಮಾತ್ರ ನಾಚ್ಕೋಬೇಡ. ಎಷ್ಟಾಗತ್ತೋ ಅಷ್ಟೂ ತಳ್ಳು. ಅವನು ಬಂದೇ ಬರ್ತಾನೆ."

ಗಂಡ ಹೋಗಿ ಒಂದು ವರ್ಷವಾದ ಮೇಲೆ ಡ್ರೈವರ್ ಒಂದು ದಿನ ಬಾಗಿಲಲ್ಲಿ ನಿಂತಿದ್ದ. ಅಷ್ಟು ವರ್ಷ ಬಾರದ್ದಕ್ಕೆ ನಾಚಿಕೆಯಾಗಿ, ಒಳಗೂ ಬಾರದೆ, ಚಪ್ಪಲಿಯನ್ನೂ ಬಿಡದೆ ಹೇಳಿದ: "ಅತ್ತಿಗೆ, ಮನೇಲೇ ಕೂತು ಏನ್ಮಾಡ್ತೀರಿ, ಸಂಘಕ್ಕೆ ಬನ್ನಿ. ಎಲೆ ಆಡ್ತೀವಿ, ಕಾಫಿ ಕುಡೀತೀವಿ, ಅಷ್ಟೇ." ಆಕೆ ಬೇಡ ಅಂದಳು. ಆಮೇಲೆ ಯಾರ್ಯಾರು ಬರುತ್ತಾರೆ ಎಂದು ಕೇಳಿದಳು. ಅವನು ಹೆಸರು ಹೇಳುತ್ತಾ ಹೋಗಿ ಒಂದು ಹೆಸರಿನ ಹತ್ತಿರ ತಡವರಿಸಿದ. "ಬರ್ತೀನಿ," ಅಂದಳು ಆಕೆ.

ಮೊದಲ ದಿನ ಡ್ರೈವರ್, ಕಿಟಕಿಯ ಬಿಸಿಲು ಬೀಳದ ಕಡೆ ಆಕೆಗಾಗಿ ಒಂದು ಕುರ್ಚಿ ಹಾಕಿ, ಅದರ ಮೇಲೆ ತನ್ನ ಮನೆಯಿಂದ ತಂದ ದಿಂಬು ಇಟ್ಟಿದ್ದ. ಅದು ಫೋರ್‌ಮನ್‌ನ ಪಕ್ಕದ ಜಾಗ, ಪಣ ಹೇಳುವ ಮಾತಿನ ಸರದಿ ಅವನಿಗಿಂತ ಮೊದಲು ಆಕೆಗೆ ಬರುವ ಜಾಗ. ಗಂಡ ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ. ಎಲ್ಲಕ್ಕೂ ಸೈ ಅನ್ನುವವನು ಮೊದಲು ಮಾತಾಡಬೇಕು, ನಾವು ಆಮೇಲೆ, ಅನ್ನುತ್ತಿದ್ದ. ಆದರೆ ದಿಂಬಿನ ಹೊಸ ಬಟ್ಟೆಯನ್ನು ನೋಡಿ ಆಕೆಗೆ ಜಾಗ ಬದಲಿಸಿ ಎನ್ನಲು ಬಾಯಿ ಬರಲಿಲ್ಲ.

ಆಕೆಗೆ ಬೇಕಾಗಿದ್ದದ್ದು ದುಡ್ಡಲ್ಲ. ಆ ಮನುಷ್ಯ ಎಲ್ಲರೆದುರು ಸೋಲಬೇಕು. ವಾರ ವಾರವೂ, ಬಾಯ್ಲರ್‌ನವನ ಹೆಂಡತಿಯ ಕೈಯಲ್ಲಿ, ಡ್ರೈವರ್ ನಗುವಂತೆ, ಮೇಷ್ಟ್ರು ತಲೆಯಾಡಿಸುವಂತೆ ಸೋಲಬೇಕು. ತನ್ನ ಗಂಡ ಕಾರ್ಖಾನೆಯ ಗೇಟಿನಿಂದ ಹೇಗೆ ಹೊರಗೆ ನಡೆದನೋ ಹಾಗೆ ಈತ ಈ ಮೇಜಿನಿಂದ ಎದ್ದು ಹೋಗಬೇಕು, ಮತ್ತೆ ಬಾರದಂತೆ. ಆಕೆ ನಲವತ್ತು ಸಲ ಎಲೆ ಇಟ್ಟು ಕಾದಳು. ನಲವತ್ತೊಂದನೆಯ ಸಲ ತಳ್ಳಿದಳು. ಅವನು ಬಂದೇ ಬರುತ್ತಿದ್ದ. ಸೋಲುತ್ತಿದ್ದ. ಎಲೆ ಕೂಡಿಸುತ್ತಿದ್ದ. ಆದರೆ ಎದ್ದು ಹೋಗುತ್ತಿರಲಿಲ್ಲ. ಮುಂದಿನ ಗುರುವಾರ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದ. ಅದೊಂದು ಆಕೆಗೆ ಅರ್ಥವಾಗುತ್ತಿರಲಿಲ್ಲ.

ಮೂರು ರಾಣಿಯರು ಗೆದ್ದ ಆ ಮಧ್ಯಾಹ್ನವೇ, ನಾಲ್ಕೂವರೆಯ ಸುಮಾರಿಗೆ, ಆಕೆಗೆ ಐದೂ ಒಂದೇ ಗುರುತಿನ, ಕಳಾವರ್ ಎಲೆಗಳು ಬಂದವು. ಒಂದನ್ನೂ ಬದಲಿಸದೆ ಎರಡು ಸುತ್ತಲ್ಲೂ ಎಂಟೆಂಟು ಹಿತ್ತಾಳೆ ತಳ್ಳಿದಳು. ಡ್ರೈವರ್, ಮೇಷ್ಟ್ರು ಕೈಬಿಟ್ಟರು. ಫೋರ್‌ಮನ್ ನೋಡೇಬಿಡೋಣ ಎಂದು ಮೂರು ಎಲೆ ಬದಲಿಸಿ, ಕೊನೆಗೆ ಎರಡು ನಾಲ್ಕು ತೋರಿಸಿದ.

"ನಾಲ್ಕರ ಜೋಡಿ ಇಟ್ಕೊಂಡು ಹದಿನಾರು ಹಿತ್ತಾಳೆ!" ಡ್ರೈವರ್ ಹಣೆ ಹಿಡಿದುಕೊಂಡ. "ಸಾರ್, ನಿಮ್ಮನ್ನ ಫೋರ್‌ಮನ್ ಮಾಡಿದ್ದು ಯಾರ್ರೀ?"

ಫೋರ್‌ಮನ್ ನಗಲು ಹೋದ, ಕೆಮ್ಮು ಬಂತು. ಸಾಬೂನು ಪುಡಿಯ ಹಳೆಯ ಕೆಮ್ಮು, ಹಿಡಿದರೆ ಬಿಡುತ್ತಿರಲಿಲ್ಲ. ಕೈಸನ್ನೆಯಲ್ಲಿ ಕ್ಷಮಿಸಿ ಅಂದು, ನೀರು ಕುಡಿಯಲು ಮೂಲೆಗೆ ಹೋದ. ಎಲೆಗಳು ಹಾಗೆಯೇ ಬಿದ್ದಿದ್ದವು. ಕಾಯುವುದು ಬೇಸರವಾಗಿ ಆಕೆಯೇ ಅವನ್ನು ಕೂಡಿಸತೊಡಗಿದಳು.

ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮಡಿಸಿದ ಹೊದಿಕೆಗಳನ್ನು ಎಣಿಸಿದ ಕೈ ಅದು. ಯಾವ ರಾಶಿಯನ್ನೂ ಆ ಕೈ ಸುಮ್ಮನೆ ಮೇಲಿಂದ ನೋಡಿ ಪೇರಿಸುತ್ತಿರಲಿಲ್ಲ. ಒಳಗೆ ಕಲೆ ಉಳಿದಿದೆಯೋ ಎಂದು ಪ್ರತಿಯೊಂದರ ಅಂಚನ್ನೂ ಮಗುಚಿ ನೋಡುತ್ತಿತ್ತು. ಫೋರ್‌ಮನ್ ಬದಲಿಸಿದ ಮೂರು ಎಲೆಗಳು ಅವನ ಕಾಫಿ ಲೋಟದ ಪಕ್ಕದಲ್ಲಿ ಒಟ್ಟಿಗೆ ಇದ್ದವು. ಆಕೆಯ ಬೆರಳು ತಾನಾಗಿಯೇ ಅವುಗಳ ಅಂಚನ್ನು ಎತ್ತಿತು.

ರಾಜ. ರಾಜ. ರಾಜ.

ಆಕೆ ಇನ್ನೊಮ್ಮೆ ನೋಡಿದಳು. ಆಟಿನ್ ರಾಜ, ಇಸ್ಪೀಟ್ ರಾಜ, ಡೈಮನ್ ರಾಜ. ಹಂಚಿದಾಗಲೇ ಮೂರು ರಾಜರು ಬಂದವನು ಆ ಮೂವರನ್ನೂ ಎಸೆದು, ಕೆಲಸಕ್ಕೆ ಬಾರದ ಎರಡು ಎಲೆ ಇಟ್ಟುಕೊಂಡಿದ್ದ. ಆಟ ಬಾರದವನು ಮಾಡುವ ತಪ್ಪಲ್ಲ ಅದು. ಆಟ ಬಾರದವನೂ ರಾಜನನ್ನು ಕಂಡರೆ ಹಿಡಿದುಕೊಳ್ಳುತ್ತಾನೆ.

ಡ್ರೈವರ್ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದ. ಮೇಷ್ಟ್ರು ಕಿವಿಯ ಯಂತ್ರದ ಬ್ಯಾಟರಿ ತೆಗೆದು ಒರೆಸುತ್ತಿದ್ದರು. ಯಾರೂ ನೋಡಲಿಲ್ಲ. ಆಕೆ ಮೂರು ಎಲೆಗಳನ್ನು ಉಳಿದವುಗಳ ನಡುವೆ ಸೇರಿಸಿ, ಕಟ್ಟನ್ನು ನಾಲ್ಕೂ ಕಡೆ ತಟ್ಟಿ ಸಮ ಮಾಡಿ, ಅವನ ಜಾಗದಲ್ಲಿ ಇಟ್ಟಳು.

"ಅಯ್ಯೋ, ನಾನು ಮಾಡ್ತಿದ್ದೆ," ಎಂದು ಅವನು ಬಾಯಿ ಒರೆಸಿಕೊಳ್ಳುತ್ತಾ ಬಂದ. ಕಟ್ಟಿನ ಕಡೆಗೂ ಆಕೆಯ ಕಡೆಗೂ ಒಮ್ಮೆ ನೋಡಿದ. ಆಕೆ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

ಐದೂವರೆಗೆ ಆಟ ಮುಗಿದು ಎಲ್ಲರೂ ಇಳಿಯುವಾಗ ಫೋರ್‌ಮನ್ ಎಂದಿನಂತೆ ಮೆಟ್ಟಿಲ ಮೇಲೆ ನಿಂತು ದಾರಿ ಬಿಟ್ಟ. "ಹುಷಾರು, ಮೂರನೇ ಮೆಟ್ಲು ಸಡಿಲ ಇದೆ," ಅಂದ. ಹನ್ನೊಂದು ತಿಂಗಳಲ್ಲಿ ಆಟದ ಮಾತು ಬಿಟ್ಟರೆ ಅವನು ಆಕೆಯೊಡನೆ ಆಡಿದ ಮಾತು ಇದೊಂದೇ, ಆದರೆ ಒಂದು ಗುರುವಾರವೂ ಆಡದೆ ಬಿಟ್ಟಿರಲಿಲ್ಲ.

ಮನೆಗೆ ಬಂದಾಗ ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಕ್ಕನ ಗಂಡ ಹೋದ ಮೇಲೆ, ಒಬ್ಬಳೇ ಇರಬೇಡ ಎಂದು ಯಂತ್ರ ಸಮೇತ ಬಂದು ಸೇರಿಕೊಂಡವಳು. ಗುರುವಾರ ಅಕ್ಕ ಬರುವ ಹೊತ್ತಿಗೆ ಸರಿಯಾಗಿ ಕಾಫಿ ಬಿಸಿ ಮಾಡಿ ಮುಚ್ಚಿಡುತ್ತಿದ್ದಳು.

"ಏನಕ್ಕಾ, ಇವತ್ತು ಅವನ ಚರ್ಮ ಎಷ್ಟು ಸುಲ್ದು ಬಂದೆ?"

ಆಕೆ ಕೂತು, ನಡೆದದ್ದನ್ನು ಹೇಳಿದಳು. ತಂಗಿ ಯಂತ್ರ ನಿಲ್ಲಿಸಿ ಕೇಳಿದಳು.

"ಅಂದ್ರೆ ಬೇಕಂತಲೇ ಸೋಲ್ತಿದ್ದಾನೆ?"

"ಹನ್ನೊಂದು ತಿಂಗಳಿಂದ. ಡ್ರೈವರ್ ಹತ್ರ ಗೆಲ್ತಾನೆ, ಮೇಷ್ಟ್ರ ಹತ್ರ ಗೆಲ್ತಾನೆ. ನನ್ನ ಹತ್ರ ಒಂದು ಸಲವೂ ಗೆದ್ದಿಲ್ಲ. ಇವತ್ತು ಕೂತು ಜ್ಞಾಪಿಸ್ಕೊಂಡೆ. ಒಂದೇ ಒಂದು ಸಲವೂ ಇಲ್ಲ. ನಾನು ನನ್ನ ಜಾಣತನ ಅಂದ್ಕೊಂಡಿದ್ದೆ."

"ಒಳ್ಳೇದೇ ಆಯ್ತಲ್ಲ. ಅವನಿಗೂ ಒಳಗೆ ಸುಡ್ತಿದೆ ಅಂತಾಯ್ತು. ಕೊಡ್ತಾನೆ, ತಗೋ."

"ಕೊಡೋಕೆ ಅವನ್ಯಾರು?" ಆಕೆಯ ದನಿ ತಂಗಿ ಬೆಚ್ಚುವಷ್ಟು ಏರಿತು. "ನಾನು ಕಿತ್ಕೊಳ್ಳೋಕೆ ಹೋದವಳು ಕಣೇ. ಅವನು ನನ್ನ ಕೂರಿಸ್ಕೊಂಡು ವಾರ ವಾರ ತಟ್ಟೆಗೆ ಹಾಕ್ತಿದ್ದಾನೆ. ಹಾಕಿ ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದಾನೆ. ನಾನು ಅವನಿಗೆ ಶಿಕ್ಷೆ ಕೊಡ್ತಿದ್ದೀನಿ ಅಂದ್ಕೊಂಡ್ರೆ, ಅವನಿಗೆ ನಿದ್ದೆ ಔಷಧಿ ಕೊಡ್ತಿದ್ದೆ."

ತಂಗಿ ಎದ್ದು, ಆರಿದ ಕಾಫಿಯನ್ನು ಮತ್ತೆ ಬಿಸಿ ಮಾಡಿ ತಂದು ಅಕ್ಕನ ಕೈಗೆ ಕೊಟ್ಟಳು. "ಹಾಗಾದ್ರೆ ಔಷಧಿ ನಿಲ್ಸು," ಅಂದಳು.

ಆ ವಾರವೆಲ್ಲ ಆಕೆ ಅಡುಗೆಮನೆಯ ಮೇಜಿನ ಮೇಲೆ ಒಬ್ಬಳೇ ಎಲೆ ಹಂಚಿಕೊಂಡು ನೋಡಿದಳು. ಗೆಲ್ಲುವುದನ್ನು ಕಲಿತಿದ್ದಳು, ಈಗ ಕಲಿಯಬೇಕಾದದ್ದು, ಸೋಲಬೇಕೆಂದು ಕೂತವನಿಗೆ ಸೋಲಲು ಬಿಡದಿರುವುದು. ಯೋಚಿಸಿದಂತೆಲ್ಲ ಅದು ಸುಲಭವೆಂದು ಕಂಡಿತು. ಮಾತಿನ ಸರದಿ ಅವನಿಗಿಂತ ಮೊದಲು ಆಕೆಗೆ ಬರುತ್ತಿತ್ತು. ಡ್ರೈವರ್ ದಿಂಬು ಹಾಕಿ ಕೊಟ್ಟ ಆ ತಪ್ಪು ಜಾಗವೇ ಈಗ ಸರಿಯಾದ ಜಾಗ.

ಮುಂದಿನ ಗುರುವಾರ ಮೂರು ಗಂಟೆಗೆ ಮೊದಲ ಎಲೆ ಹಂಚಿದರು. ಆಕೆಗೆ ಎರಡು ಎಕ್ಕ ಬಂದವು. ಆರು ಹಿತ್ತಾಳೆ ತಳ್ಳಿದಳು. ಫೋರ್‌ಮನ್ ನೋಡೇಬಿಡೋಣ ಅಂದ. ಉಳಿದಿಬ್ಬರು ಕೈಬಿಟ್ಟರು. ಎಲೆ ಬದಲಿಸಿ ಆಯಿತು. ಆಕೆ ಎಲೆಗಳನ್ನು ಮಗುಚಿಟ್ಟು, "ಪ್ಯಾಕ್," ಅಂದಳು.

ಫೋರ್‌ಮನ್ ಕೈ ಅರ್ಧ ಎತ್ತಿದವನು ಹಾಗೆಯೇ ಉಳಿದ. "ಪ್ಯಾಕಾ?"

"ಪ್ಯಾಕ್. ನಿಮ್ದೇ, ತಗೊಳ್ಳಿ."

"ಇನ್ನೂ ಯಾರೂ ಪಣ ಕೇಳಿಲ್ವಲ್ಲ ಅತ್ತಿಗೆ," ಎಂದ ಡ್ರೈವರ್. "ಸುಮ್ನಿದ್ರೂ ಆಗ್ತಿತ್ತು."

"ಮನಸ್ಸು ಬರ್ಲಿಲ್ಲ."

ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲವೂ. ಆಕೆ ದೊಡ್ಡ ಪಣ ತಳ್ಳುವಳು, ಅವನು ಹಿಂದೆ ಬರುವನು, ಆಕೆ ಕೈಬಿಡುವಳು. ನಾಲ್ಕನೆಯ ಸಲ ಅವನು ಪಣಕ್ಕೆ ಬರದೆ ಮೊದಲೇ ಎಲೆ ಇಟ್ಟುಬಿಟ್ಟ. ಐದನೆಯ ಸಲ ಆಕೆ ಒಂದೇ ಒಂದು ಹಿತ್ತಾಳೆ ಇಟ್ಟಳು, ಅಷ್ಟು ಸಣ್ಣದಕ್ಕೂ ಬಾರದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವನು ಬಂದ, ಆಕೆ ಕೈಬಿಟ್ಟಳು. ಅವನ ಮುಂದೆ ವಾಷರುಗಳ ಗುಡ್ಡೆ ಬೆಳೆಯತೊಡಗಿತು. ಅವನು ಅವನ್ನು ಪೇರಿಸಲಿಲ್ಲ, ಬಿದ್ದಲ್ಲೇ ಬಿಟ್ಟಿದ್ದ.

"ಏನ್ರಪ್ಪ ಇದು," ಎಂದ ಡ್ರೈವರ್. "ಬಾಗಿಲಲ್ಲಿ ನಿಂತ್ಕೊಂಡು ನೀವು ಮೊದ್ಲು, ನೀವು ಮೊದ್ಲು ಅಂತ ಒಳಗೇ ಹೋಗದೇ ಇರೋರ ಥರ ಆಡ್ತಿದ್ದೀರಿ ಇಬ್ರೂ."

"ಏನಂತೆ?" ಎಂದರು ಮೇಷ್ಟ್ರು.

"ಏನಿಲ್ಲ ಮೇಷ್ಟ್ರೇ! ಇವತ್ತು ಗಾಳಿ ಫೋರ್‌ಮನ್ ಕಡೆ ಬೀಸ್ತಿದೆ!"

"ಅದು ಹಾಗೇ. ಸಂಭವನೀಯತೆ ಯಾರಪ್ಪನ ಮನೆ ಆಸ್ತೀನೂ ಅಲ್ಲ," ಎಂದು ಮೇಷ್ಟ್ರು ಬಿಸ್ಕತ್ತಿನ ದೊಡ್ಡ ಅರ್ಧವನ್ನು ಡ್ರೈವರ್ ಕಡೆಗೆ ತಳ್ಳಿ, ಚಿಕ್ಕದನ್ನು ತಾವು ತೆಗೆದುಕೊಂಡರು.

ಫೋರ್‌ಮನ್‌ಗೆ ಗಾಳಿ ಹಿತವಾಗಿದ್ದಂತೆ ಕಾಣಲಿಲ್ಲ. ಅವನ ಕುತ್ತಿಗೆಯ ಹತ್ತಿರ ಬೆವರು ಮೂಡಿತ್ತು. ಎಲೆ ಎತ್ತಿಕೊಳ್ಳುವಾಗ ಎರಡು ಸಲ ಕೈಜಾರಿ ಕೆಳಗೆ ಬಿದ್ದವು. ಒಮ್ಮೆ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, ಆಕೆಯ ಕಡೆ ತಿರುಗದೆ, "ಮೈಗೆ ಹುಷಾರಿಲ್ವಾ ನಿಮಗೆ?" ಎಂದ.

"ಚೆನ್ನಾಗಿದ್ದೀನಿ," ಎಂದಳು ಆಕೆ ಜೋರಾಗಿಯೇ. "ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ."

ಐದು ಗಂಟೆಗೆ ಹತ್ತು ನಿಮಿಷವಿದ್ದಾಗ, ಹಿಂದಿನ ಸಲ ಮೇಷ್ಟ್ರಿಗೆ ಸೋತಿದ್ದ ಫೋರ್‌ಮನ್ ಹಂಚಿದ. ಆಕೆ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಹತ್ತು. ಹತ್ತು. ಏಳು. ಹತ್ತು. ಐದನೆಯದನ್ನು ನೋಡುವ ಮೊದಲು ಸ್ವಲ್ಪ ತಡೆದಳು. ಅದೂ ಹತ್ತೇ.

ಏಳು ವರ್ಷ ಅಡುಗೆಮನೆಯ ಮೇಜಿನ ಮೇಲೆ ಗುಂಡಿ ಇಟ್ಟು ಆಡಿದರೂ ಒಂದೇ ಅಂಕಿಯ ನಾಲ್ಕೂ ಎಲೆಗಳು ಅವರಿಬ್ಬರಲ್ಲಿ ಯಾರಿಗೂ ಬಂದಿರಲಿಲ್ಲ. ಬಂದರೆ ಏನು ಮಾಡುತ್ತೀರಿ ಎಂದು ಆಕೆ ಒಮ್ಮೆ ಕೇಳಿದ್ದಳು. ಬಂದ ದಿನ ಪಣಕ್ಕೆ ಊರನ್ನೇ ಕೇಳ್ತೀನಿ ಬಿಡು ಎಂದು ಅವನು ನಕ್ಕಿದ್ದ.

ಈ ಸಲ ಆಕೆ ಕನ್ನಡಕ ಒರೆಸಿಕೊಳ್ಳಲಿಲ್ಲ. ತನ್ನ ಮುಂದೆ ಉಳಿದಿದ್ದ ವಾಷರುಗಳನ್ನೆಲ್ಲ, ಕಬ್ಬಿಣದ ಚಿಲ್ಲರೆಯನ್ನೂ ಬಿಡದೆ, ಅಂಗೈಯಿಂದ ಮೇಜಿನ ನಡುವೆ ತಳ್ಳಿದಳು.

"ಎಲ್ಲಾನೂ?" ಡ್ರೈವರ್ ಮುಂದಕ್ಕೆ ಬಾಗಿದ.

"ಎಲ್ಲಾನೂ."

ಫೋರ್‌ಮನ್ ಆಕೆಯ ಮುಖ ನೋಡಿದ. ಆ ಮುಖದಲ್ಲಿ ಒಳ್ಳೆಯ ಎಲೆ ಬಂದದ್ದು ಅವನಿಗೆ ಕಂಡಿರಬೇಕು. ಅವನ ಭುಜಗಳು ಇಳಿದವು, ಹೊರೆ ಇಳಿಸಲು ಜಾಗ ಸಿಕ್ಕಿದವನಂತೆ ಉಸಿರುಬಿಟ್ಟ. "ನೋಡೇಬಿಡೋಣ," ಎಂದು ಅಷ್ಟೇ ವಾಷರುಗಳನ್ನು ತಳ್ಳಿ, ಅದೂ ಸಾಲದೆಂಬಂತೆ ತನ್ನ ಗುಡ್ಡೆಯ ಉಳಿದದ್ದನ್ನೂ ತಳ್ಳಿದ. ಡ್ರೈವರ್, ಮೇಷ್ಟ್ರು ಎಲೆ ಇಟ್ಟರು. ಆಕೆ ಬದಲಿಸುವುದಿಲ್ಲ ಎಂದು ತಲೆಯಾಡಿಸಿದಳು. ಅವನು ಮೂರು ಎಲೆ ಮಗುಚಿಟ್ಟು, ಮೂರು ತೆಗೆದುಕೊಂಡು, ಅವನ್ನು ನೋಡಲೂ ಇಲ್ಲ.

"ಅತ್ತಿಗೆ, ನಿಮ್ಮ ಮಾತು," ಎಂದ ಡ್ರೈವರ್.

ಆಕೆ ತನ್ನ ಎಲೆಗಳನ್ನು ಒಂದೊಂದಾಗಿ, ಮುಖ ಮೇಲಾಗಿ, ಮೇಜಿನ ಮೇಲೆ ಇಟ್ಟಳು. ಹತ್ತು, ಹತ್ತು, ಹತ್ತು, ಹತ್ತು. ಪಕ್ಕದಲ್ಲಿ ಏಳು.

"ಅಬ್ಬಾ!" ಡ್ರೈವರ್ ಎದ್ದೇಬಿಟ್ಟ. "ನಾಲ್ಕೂ! ಮೇಷ್ಟ್ರೇ, ನಾಲ್ಕೂ ಹತ್ತು!"

"ಪ್ಯಾಕ್," ಎಂದಳು ಆಕೆ.

ಯಾರಿಗೂ ಅರ್ಥವಾಗಲಿಲ್ಲ. ಡ್ರೈವರ್ ನಗು ಮುಖದಲ್ಲೇ ನಿಂತಿದ್ದ.

"ನಾನು ಪ್ಯಾಕ್. ಕೈ ಬಿಟ್ಟಿದ್ದೀನಿ. ಅವರು ಗೆದ್ರು. ತಗೊಳ್ಳಿ ಫೋರ್‌ಮನ್ನೇ."

"ಇದೇನು ತಮಾಷೆ," ಎಂದ ಫೋರ್‌ಮನ್. "ಗೆದ್ದಿರೋದು ನೀವು. ಎಲೆ ಮೇಜಿನ ಮೇಲೇ ಬಿದ್ದಿದೆ."

"ಪ್ಯಾಕ್ ಅಂದ ಮೇಲೆ ಎಲೆ ಏನಿದ್ರೇನು. ಶೆಡ್ಡಿನ ನಿಯಮ, ನಿಮಗಿಂತ ಚೆನ್ನಾಗಿ ನನಗೆ ಗೊತ್ತಿರತ್ತಾ? ಎಳ್ಕೊಳ್ಳಿ ನಿಮ್ಮ ಕಡೆಗೆ."

"ನನಗೆ ಬೇಡ."

"ನನಗೂ ಬೇಡ. ನಿಮ್ಮ ಕೈಯಿಂದ ಹನ್ನೊಂದು ತಿಂಗಳು ಇಸ್ಕೊಂಡಿದ್ದು ಸಾಕು. ಹೋದ ವಾರ ನೀವು ನೀರು ಕುಡಿಯೋಕೆ ಹೋದಾಗ ಎಲೆ ಕೂಡಿಸಿದ್ದು ನಾನು."

ಅವನ ಕೈ ಕಾಫಿ ಲೋಟದ ಪಕ್ಕಕ್ಕೆ, ಆಗ ತಾನೇ ಮಗುಚಿಟ್ಟ ಮೂರು ಎಲೆಗಳ ಮೇಲೆ ಹೋಗಿ ಅಲ್ಲೇ ನಿಂತಿತು. ಮುಚ್ಚಿಡುವ ಹಾಗೆ. ಆಕೆ ಆ ಕೈಯನ್ನು ನೋಡಿದಳು. ಅವನೂ ನೋಡಿದ. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಟಯರಿಗೆ ಗಾಳಿ ಹೊಡೆಯುತ್ತಿದ್ದರು.

"ಏನು ವಿಷಯ?" ಡ್ರೈವರ್ ಮೆಲ್ಲಗೆ ಕೂತ. "ಸಾರ್? ಏನತ್ತಿಗೆ?"

"ಅವರನ್ನೇ ಕೇಳು. ನನ್ನ ಹತ್ರ ಯಾಕೆ ಸೋಲ್ತಾರೆ ಕೇಳು. ಅವರಿಗೆ ಮೂರು ರಾಜ ಬಂದ್ರೂ ಎಸೀತಾರೆ. ಯಾಕೆ ಅಂತ ಕೇಳು. ಹೇಳ್ಲಿಲ್ಲ ಅಂದ್ರೆ ಪರವಾಗಿಲ್ಲ. ಮುಂದಿನ ಗುರುವಾರ ಬರ್ತೀನಿ, ಅದರ ಮುಂದಿನದಕ್ಕೂ ಬರ್ತೀನಿ. ಪ್ರತಿ ಸಲವೂ ಇವರು ಗೆಲ್ತಾರೆ. ಸಾಯೋ ತನಕ ಗೆಲ್ಲಿಸ್ತೀನಿ ಇವರನ್ನ."

ಆಕೆ ಇದನ್ನು ಕೂಗಿ ಹೇಳಲಿಲ್ಲ. ಮಡಿಸಿದ ಬಟ್ಟೆಯ ಲೆಕ್ಕ ಒಪ್ಪಿಸುವಷ್ಟು ಶಾಂತವಾಗಿ ಹೇಳಿದಳು. ಫೋರ್‌ಮನ್ ವಾಷರುಗಳ ಗುಡ್ಡೆಯನ್ನು ನೋಡುತ್ತಾ ಕೂತಿದ್ದ. ಅವನು ಎದ್ದು ಹೋಗುತ್ತಾನೆ ಎಂದು ಆಕೆಗೆ ಒಂದು ಕ್ಷಣ ಅನ್ನಿಸಿತು. ಹನ್ನೊಂದು ತಿಂಗಳು ಅದನ್ನೇ ಕಾದಿದ್ದಳು. ಈಗ ಎದ್ದರೆ ಅಂಗಿ ಹಿಡಿದು ಕೂರಿಸುತ್ತಿದ್ದಳು.

ಅವನು ಏಳಲಿಲ್ಲ.

"ಆವತ್ತು ಬೆಳಿಗ್ಗೆ," ಎಂದ, ಮೇಜಿಗೆ ಹೇಳುವಂತೆ. "ಎಂಟು ಗಂಟೆಗೆ ನನ್ನ ಕರ್ಕೊಂಡು ಹೋಗಿ ತೋರಿಸಿದ್ದ. ಸುಮ್ನೆ ಹೇಳಿದ್ದಲ್ಲ, ತೋರಿಸಿದ್ದ. ನಾನೇ ಸ್ಪಾನರ್‌ನಿಂದ ಗಾಜಿಗೆ ಎರಡು ಸಲ 'ಟಕ್' ಅಂತ ಹೊಡೆದೆ. ನೀರು ಅಲ್ಲಾಡ್ಲಿಲ್ಲ. ಬಾಯ್ಲರ್ ನಿಲ್ಸೋಣ ಅಂದ ಅವನು. ಲಾರಿ ಬಂದು ನಿಂತಿದೆ, ಸಂಜೆ ನಿಲ್ಸು ಅಂದೆ."

ಡ್ರೈವರ್‌ನ ಚಾಚಿದ ಕಾಲು ಹಿಂದಕ್ಕೆ ಬಂತು. ಅವನು ಫೋರ್‌ಮನ್‌ನನ್ನು ನೋಡಲಿಲ್ಲ, ಆಕೆಯನ್ನೂ ನೋಡಲಿಲ್ಲ. ಬಿಸ್ಕತ್ತಿನ ಖಾಲಿ ಪೊಟ್ಟಣವನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಿಸುತ್ತಿದ್ದ.

"ಕಂಪನಿಯವರು ಕೇಳಿದಾಗ..." ಎಂದು ಫೋರ್‌ಮನ್ ನಿಲ್ಲಿಸಿದ.

"ಏನಂತೆ?" ಎಂದರು ಮೇಷ್ಟ್ರು, ಒಬ್ಬೊಬ್ಬರ ತುಟಿಯನ್ನೂ ನೋಡುತ್ತಾ. "ಯಾಕೆ ಎಲ್ಲರೂ ಪಿಸುಗುಟ್ತಿದ್ದೀರಿ? ಏನಾಯ್ತು?"

ಫೋರ್‌ಮನ್ ಆಕೆಯ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು. ಸಾಕೇ ಎಂದು ಕೇಳುವಂತಿತ್ತು ಆ ನೋಟ. ಡ್ರೈವರ್ ಕೂಡ ಆಕೆಯ ಕಡೆ ನೋಡಿದ. ಬಿಟ್ಟುಬಿಡಿ ಅತ್ತಿಗೆ, ಎನ್ನುವ ಹಾಗೆ ಕೈ ಆಡಿಸಿದ.

"ಮೇಷ್ಟ್ರಿಗೆ ಕೇಳಿಸ್ಲಿಲ್ಲ," ಎಂದಳು ಆಕೆ. "ಮೊದಲಿಂದ ಹೇಳಿ. ಜೋರಾಗಿ ಹೇಳಿ."

ಮೇಷ್ಟ್ರು ಕುರ್ಚಿಯನ್ನು ಫೋರ್‌ಮನ್‌ನ ಹತ್ತಿರಕ್ಕೆ ಎಳೆದುಕೊಂಡು, ಕಿವಿಯ ಹಿಂದೆ ಅಂಗೈ ಇಟ್ಟು ಬಾಗಿದರು. ಡ್ರೈವರ್ ಎದ್ದು ಹೋಗಿ ಗೋಡೆಯ ಸ್ವಿಚ್ಚು ಒತ್ತಿದ. ತಲೆಯ ಮೇಲೆ ಕರಕರ ಎನ್ನುತ್ತಿದ್ದ ಫ್ಯಾನು ಒಂದೊಂದೇ ಸುತ್ತು ನಿಧಾನವಾಗಿ, ಕೊನೆಗೆ ನಿಂತಿತು. ಮೇಜಿನ ಅಂಚಿನಲ್ಲಿ ಅಷ್ಟು ಹೊತ್ತೂ ಗಾಳಿಗೆ ಮೂಲೆ ಎತ್ತಿ ಎತ್ತಿ ಅದುರುತ್ತಿದ್ದ ಒಂದು ಎಲೆ ಮೆಲ್ಲನೆ ಮಲಗಿತು.